ನನ್ನ ಮೀಟರ್‌ಗೆ ಸೀಲ್ ಹಾಕಿದ್ದು ಯಾರು?

‘ಇನ್ನೂರು ಚಿಲ್ಲರೆ ಕೊಟ್ಟರೆ ಅಂಗಡೀಲಿ ಮಲ್ಟಿಮೀಟರ್ ಸಿಗುತ್ತೆ. ಅದಕ್ಕೆ ಇಷ್ಟೊಂದು ರಾಮಾಯಣ ಯಾಕೋ?’ ಅಂತ ಗೆಳೆಯರು ರೇಗಿಸಿದರೂ ನಾನು ಬಿಡಲಿಲ್ಲ. ಡಿಪ್ಲೊಮಾ ಎರಡನೇ ವರ್ಷದ ರಜೆಯಲ್ಲಿ ಆರ್ಡುಯಿನೊ ಬೋರ್ಡ್ ಇಟ್ಟುಕೊಂಡು ನನ್ನದೇ ವೋಲ್ಟ್‌ಮೀಟರ್ ಮಾಡಲೇಬೇಕೆಂದು ಹಟ ಹಿಡಿದಿದ್ದೆ.

ಕೆಲಸವೇನೂ ಕಷ್ಟದ್ದಲ್ಲ. ಬೋರ್ಡಿನ ಮೈಕ್ರೊಕಂಟ್ರೋಲರ್‌ಗೆ 5 ವೋಲ್ಟ್‌ಗಿಂತ ಹೆಚ್ಚು ಕೊಡುವಂತಿಲ್ಲ. ಅದಕ್ಕೇ 30 ಮತ್ತು 10 ಕಿಲೊಓಮ್‌ನ ಎರಡು ರೆಸಿಸ್ಟರ್ ಜೋಡಿಸಿ, ಬ್ಯಾಟರಿ ವೋಲ್ಟೇಜಿನ ಕಾಲು ಭಾಗವನ್ನಷ್ಟೇ ಅದರ ಪಿನ್‌ಗೆ ಕೊಟ್ಟೆ. ಅದು 0ಯಿಂದ 1023ರೊಳಗೆ ಒಂದು ಸಂಖ್ಯೆ ಹೇಳುತ್ತದೆ. 1023 ಅಂದರೆ 5 ವೋಲ್ಟ್ ಎಂದು ಲೆಕ್ಕ ಹಾಕಿ, ನಾಲ್ಕರಿಂದ ಗುಣಿಸಿದರೆ ಮುಗಿಯಿತು. ಅಜ್ಜಿಯ ಎಲೆ ಅಡಿಕೆ ಡಬ್ಬಿಯೇ ಮೀಟರಿನ ಮನೆಯಾಯಿತು. ಅಜ್ಜಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು!

ಅಪ್ಪನ ಗೂಡ್ಸ್ ಗಾಡಿ ಕೆಲವು ದಿನಗಳಿಂದ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಬ್ಯಾಟರಿಗೆ ನನ್ನ ಮೀಟರ್ ಹಚ್ಚಿದೆ. 12.6 ಬಂತು. ‘ಫುಲ್ ಇದೆಯಪ್ಪಾ, ಚಾರ್ಜಿಗೆ ಹಾಕೋದೇನೂ ಬೇಡ’ ಎಂದೆ ಜಂಬದಿಂದ. ಅಪ್ಪ ನಂಬಿದರು.

ಮರುದಿನ ನಸುಕಿನಲ್ಲಿ ಪಕ್ಕದ ಮನೆಯವರ ಟೊಮೆಟೊ ಕ್ರೇಟ್‌ಗಳನ್ನು ತುಂಬಿ ಕೋಲಾರದ ಮಾರುಕಟ್ಟೆಗೆ ಹೊರಟರೆ, ಕೀ ತಿರುಗಿಸಿದಾಗ ‘ಟಕ್’ ಎಂದಿದ್ದಷ್ಟೇ. ಜನ ಸೇರಿಸಿ, ತಳ್ಳಿ, ಹೊರಡುವಷ್ಟರಲ್ಲಿ ಬೆಳಕು ಹರಿದಿತ್ತು. ನಾವು ಮುಟ್ಟಿದಾಗ ಒಳ್ಳೆ ರೇಟಿನ ಹರಾಜು ಮುಗಿದಿತ್ತು. ಕಡಿಮೆ ದುಡ್ಡು ಎಣಿಸಿಕೊಂಡ ಆ ಚಿಕ್ಕಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ವಾಪಸ್ ಬರುವಾಗ ಅಪ್ಪ ಕೇಳಿದರು: ‘ಮಂಡೀಲಿ ತಕ್ಕಡಿಗೂ ಸೀಲ್ ಹಾಕಿಸ್ತಾರೆ ಕಣೋ. ನಿನ್ನ ಮೀಟರ್‌ಗೆ ಯಾರು ಹಾಕಿದ್ರು?’

ಕಾಲೇಜು ತೆರೆದ ದಿನವೇ ಲ್ಯಾಬಿಗೆ ಓಡಿದೆ. ಒಳ್ಳೆ ಮಲ್ಟಿಮೀಟರ್ ಪಕ್ಕದಲ್ಲಿಟ್ಟು ನೋಡಿದಾಗ ಗುಟ್ಟು ಗೊತ್ತಾಯಿತು. ಬೋರ್ಡಿಗೆ ಕರೆಂಟ್ ಕೊಡುತ್ತಿದ್ದ ನನ್ನ ಹಳೇ ಮೊಬೈಲ್ ಚಾರ್ಜರಿನಿಂದ ಬರುತ್ತಿದ್ದುದು 4.7 ವೋಲ್ಟ್. ನಾನು ಪ್ರೋಗ್ರಾಮಿನಲ್ಲಿ 5 ಎಂದೇ ಬರೆದಿದ್ದೆ. ಅಳತೆಗೋಲೇ ಗಿಡ್ಡವಾಗಿತ್ತು! ಅಂದು 12.6 ಎಂದು ತೋರಿಸಿದಾಗ ಬ್ಯಾಟರಿಯಲ್ಲಿ ನಿಜಕ್ಕೂ ಇದ್ದದ್ದು 11.8ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಖಾಲಿ. ಪರದೆಯ ಮೇಲೆ ದಶಾಂಶ ಕಂಡರೆ ಸಾಕು, ಅದೇ ಸತ್ಯ ಎಂದುಕೊಂಡುಬಿಡುತ್ತೇವೆ.

ಚಾರ್ಜರ್ ಏರಿಳಿದರೂ ಅಲುಗಾಡದ, ಸುಮಾರು 1.1 ವೋಲ್ಟಿನ ಆಧಾರವೊಂದು ಆ ಚಿಪ್ಪಿನೊಳಗೇ ಇದೆ. ಒಂದೊಂದು ಚಿಪ್ಪಿನಲ್ಲಿ ಅದು ತುಸು ಹೆಚ್ಚುಕಡಿಮೆ ಇರುತ್ತದೆ. ಲ್ಯಾಬ್ ಮೀಟರಿನಲ್ಲಿ ಅಳೆದಾಗ ನನ್ನದು 1.08 ಇತ್ತು. ಅದನ್ನೇ ಪ್ರೋಗ್ರಾಮಿಗೆ ಬರೆದೆ. 30ರ ಜಾಗಕ್ಕೆ 150 ಕಿಲೊಓಮ್ ರೆಸಿಸ್ಟರ್ ಹಾಕಿದೆ. ಈಗ ಪಿನ್‌ಗೆ ಹೋಗುವುದು ಹದಿನಾರನೇ ಒಂದು ಭಾಗ.

ಮತ್ತೆ ಅಪ್ಪನ ಗಾಡಿಗೆ ಹಚ್ಚಿದೆ. ಎಂಜಿನ್ ಓಡುವಾಗ 14ರ ಹತ್ತಿರ ಇರಬೇಕಾದದ್ದು 12.1 ಇತ್ತು. ಬ್ಯಾಟರಿಗೆ ಚಾರ್ಜೇ ಆಗುತ್ತಿರಲಿಲ್ಲ. ಮೆಕ್ಯಾನಿಕ್ ಸಡಿಲವಾಗಿದ್ದ ಬೆಲ್ಟ್ ಬಿಗಿ ಮಾಡಿದ ಮೇಲೆ ಗಾಡಿಯ ಸತಾಯಿಸುವಿಕೆ ನಿಂತಿತು.

ಈಗ ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿದ್ದೇನೆ. ಲ್ಯಾಬ್ ಮೀಟರಿನ ಜೊತೆ ಕೊನೆಯ ಸಲ ತಾಳೆ ನೋಡಿದ ತಾರೀಕು ಅದರಲ್ಲಿದೆ. ನಾನು ಯಾವ ಅಂಕಿ ಹೇಳಿದರೂ ಅಪ್ಪ ಮೊದಲು ನೋಡುವುದು ಆ ಚೀಟಿಯನ್ನೇ.