ಎರಡು ದೇಶಗಳ ಜೆರ್ಸಿ ತೊಟ್ಟ ಗೋಲ್ ಶೂಟರ್

ಐರೀನ್ ವ್ಯಾನ್ ಡೈಕ್ ಇಪ್ಪತ್ತು ವರ್ಷ ಅಂತರರಾಷ್ಟ್ರೀಯ ನೆಟ್‌ಬಾಲ್ ಆಡಿದರು. ಅವರ ಹೆಸರಿನಲ್ಲಿರುವ 217 ಟೆಸ್ಟ್ ಪಂದ್ಯಗಳಲ್ಲಿ ಮೊದಲ 72 ದಕ್ಷಿಣ ಆಫ್ರಿಕಾಕ್ಕಾಗಿ, ನಂತರದ 145 ನ್ಯೂಜಿಲೆಂಡಿಗಾಗಿ ಆಡಿದವು. 2014ರಲ್ಲಿ ಅವರು ನಿವೃತ್ತರಾದಾಗ ಅಷ್ಟು ಪಂದ್ಯ ಆಡಿದ ಇನ್ನೊಬ್ಬ ಆಟಗಾರ್ತಿ ಜಗತ್ತಿನಲ್ಲಿ ಇರಲಿಲ್ಲ. ಈ ಎರಡು ದಶಕಗಳಲ್ಲಿ ಅವರು ಹೆಸರು ಮಾಡಿದ್ದು ಒಂದೇ ಸ್ಥಾನದಲ್ಲಿ: ಗೋಲ್ ಶೂಟರ್.

ಆ ಸ್ಥಾನದ ಭಾರ ತಿಳಿಯಬೇಕಾದರೆ ಆಟದ ನಿಯಮಗಳನ್ನು ಸ್ವಲ್ಪ ನೋಡಬೇಕು. ಬ್ಯಾಸ್ಕೆಟ್‌ಬಾಲಿನಿಂದ ಕವಲೊಡೆದು ಇಂಗ್ಲೆಂಡಿನಲ್ಲಿ ಬೆಳೆದ ಆಟ ನೆಟ್‌ಬಾಲ್. ತಂಡಕ್ಕೆ ಏಳು ಮಂದಿ, ಹದಿನೈದು ನಿಮಿಷಗಳ ನಾಲ್ಕು ಅವಧಿ. ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡುವಂತಿಲ್ಲ. ಕೈಗೆ ಬಂದ ಚೆಂಡು ಮೂರು ಸೆಕೆಂಡಿನೊಳಗೆ ಕೈಬಿಟ್ಟು ಹೋಗಬೇಕು. ಗೋಲು ಹಾಕುವ ಹಕ್ಕು ಗೋಲ್ ಶೂಟರ್ ಮತ್ತು ಗೋಲ್ ಅಟ್ಯಾಕ್ ಇಬ್ಬರಿಗೆ ಮಾತ್ರ, ಅದೂ 4.9 ಮೀಟರ್ ತ್ರಿಜ್ಯದ ಅರ್ಧವೃತ್ತದ ಒಳಗಿನಿಂದ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಅದರ ಹಿಂದೆ ಹಲಗೆ ಇಲ್ಲ. ಗುರಿ ತಪ್ಪಿದ ಚೆಂಡನ್ನು ಹಲಗೆ ತಡೆದು ಒಳಗೆ ಬೀಳಿಸುತ್ತದೆಂಬ ಭರವಸೆ ಇಟ್ಟುಕೊಳ್ಳುವಂತಿಲ್ಲ. ಉಳಿದ ಐವರು ಎಷ್ಟು ಸೊಗಸಾಗಿ ಆಡಿದರೂ ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಈ ಇಬ್ಬರ ಕೈಯಲ್ಲಿ. ಸಮಬಲದ ತಂಡಗಳ ನಡುವಿನ ಪಂದ್ಯಗಳು ಒಂದೆರಡು ಗೋಲಿನ ಅಂತರದಲ್ಲಿ ಮುಗಿಯುವುದು ಇಲ್ಲಿ ಸಾಮಾನ್ಯ ಸಂಗತಿ.

ವ್ಯಾನ್ ಡೈಕ್ ಹುಟ್ಟಿದ್ದು 1972ರ ಜೂನ್ 21ರಂದು, ಜೊಹಾನ್ಸ್‌ಬರ್ಗಿನ ದಕ್ಷಿಣಕ್ಕಿರುವ ವೆರೀನಿಗಿಂಗ್ ಪಟ್ಟಣದಲ್ಲಿ. ಅಲ್ಲಿನ ಆಫ್ರಿಕಾನ್ಸ್ ಭಾಷಿಕರ ಶಾಲೆಗಳಲ್ಲಿ ಹುಡುಗಿಯರ ಮುಖ್ಯ ಆಟ ನೆಟ್‌ಬಾಲ್. ಆದರೆ ದೇಶದ ಹೊರಗೆ ಹೋಗಿ ಆಡುವ ದಾರಿ ಮುಚ್ಚಿತ್ತು. ವರ್ಣಭೇದ ನೀತಿಯ ಕಾರಣಕ್ಕೆ ಜಗತ್ತು ದಕ್ಷಿಣ ಆಫ್ರಿಕಾವನ್ನು ಕ್ರೀಡಾಂಗಣದಿಂದ ದೂರ ಇಟ್ಟಿತ್ತು. 1967ರಲ್ಲಿ ಪರ್ತ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆಡಿದ್ದ ಆ ದೇಶ ಮತ್ತೆ ಅಲ್ಲಿಗೆ ಮರಳಿದ್ದು 1995ರಲ್ಲಿ. ಈ ನಡುವೆ ಒಂದಿಡೀ ತಲೆಮಾರಿನ ಆಟಗಾರ್ತಿಯರು ದೇಶದೊಳಗೇ ಆಡಿ ಮುಗಿಸಿದರು. ಅದಕ್ಕಿಂತ ಕ್ರೂರವಾದ ಸಂಗತಿ, ಕಪ್ಪು ಹುಡುಗಿಯರಿಗೆ ದೇಶದೊಳಗೂ ಸಮಾನ ಮೈದಾನ ಇರಲಿಲ್ಲ. ವ್ಯಾನ್ ಡೈಕ್ ಅವರ ಕಾಲ ಕೂಡಿಬಂದಿತ್ತು. ಮಂಡೇಲಾ ಅಧ್ಯಕ್ಷರಾದ 1994ರಲ್ಲೇ, 22ರ ಸುಮಾರಿನಲ್ಲಿ, ಅವರು ರಾಷ್ಟ್ರೀಯ ತಂಡಕ್ಕೆ ಬಂದರು.

ಮರುವರ್ಷ ಬರ್ಮಿಂಗ್‌ಹ್ಯಾಮಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದಕ್ಷಿಣ ಆಫ್ರಿಕಾ ಯಾರೂ ಎಣಿಸದಿದ್ದ ಕೆಲಸ ಮಾಡಿತು. ನ್ಯೂಜಿಲೆಂಡನ್ನು 59–57ರಿಂದ ಸೋಲಿಸಿ ಫೈನಲ್ ಮುಟ್ಟಿತು. ಅಲ್ಲಿ ಆಸ್ಟ್ರೇಲಿಯಾಕ್ಕೆ 68–48ರಿಂದ ಸೋತು ಬೆಳ್ಳಿ ಗೆದ್ದಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಪುರುಷರ ರಗ್ಬಿ ತಂಡ ಗೆದ್ದ ವಿಶ್ವಕಪ್ಪಿನ ಕಥೆ ಪುಸ್ತಕವಾಗಿ, ಸಿನಿಮಾ ಆಗಿ ಜಗತ್ತು ಸುತ್ತಿತು. ಹೆಣ್ಣುಮಕ್ಕಳ ಈ ಬೆಳ್ಳಿಗೆ ಅದರ ನೂರರಲ್ಲೊಂದು ಪಾಲು ಪ್ರಚಾರವೂ ಸಿಗಲಿಲ್ಲ. ಸುಮಾರು ಮೂರು ದಶಕ ಹೊರಗಿದ್ದ ತಂಡವೊಂದು ಬಂದ ಮೊದಲ ಕೂಟದಲ್ಲೇ ಪಡೆದ ಆ ಎರಡನೇ ಸ್ಥಾನವನ್ನು ದಕ್ಷಿಣ ಆಫ್ರಿಕಾ ಇಂದಿಗೂ ಮೀರಿಸಿಲ್ಲ.

ಮುಂದೆ ವ್ಯಾನ್ ಡೈಕ್ ತಂಡದ ನಾಯಕಿಯೂ ಆದರು. 2000ದಲ್ಲಿ ಪತಿ ಮತ್ತು ಪುಟ್ಟ ಮಗಳೊಂದಿಗೆ ನ್ಯೂಜಿಲೆಂಡಿಗೆ ಹೋಗಿ ವೆಲಿಂಗ್ಟನ್ನಿನ ಕ್ಯಾಪಿಟಲ್ ಶೇಕರ್ಸ್ ತಂಡ ಸೇರಿದರು. ಅದೇ ವರ್ಷ ‘ಸಿಲ್ವರ್ ಫರ್ನ್ಸ್’ ಎಂದು ಕರೆಯಲಾಗುವ ನ್ಯೂಜಿಲೆಂಡ್ ರಾಷ್ಟ್ರೀಯ ತಂಡದ ಕರೆಯೂ ಬಂತು. ಎರಡೂ ದೇಶಗಳಲ್ಲಿ ಗದ್ದಲವಾಯಿತು. ನಮ್ಮ ಅತ್ಯುತ್ತಮ ಆಟಗಾರ್ತಿಯನ್ನು ಕಳೆದುಕೊಂಡೆವೆಂಬ ಕಹಿ ಒಂದು ಕಡೆ, ಮನೆಯ ಹುಡುಗಿಯರಿಗೆ ಸಿಗಬೇಕಾದ ಜಾಗ ಹೊರಗಿನವರಿಗೆ ಹೋಯಿತೆಂಬ ಅಸಮಾಧಾನ ಇನ್ನೊಂದು ಕಡೆ. ಎರಡರಲ್ಲೂ ನ್ಯಾಯವಿತ್ತು. ಆದರೆ ಆಗ ಹೆಣ್ಣುಮಕ್ಕಳ ಆಟದಲ್ಲಿ ದುಡ್ಡೆಂಬುದು ಬಹಳ ಕಡಿಮೆ. ವೃತ್ತಿಯಿಂದ ಶಿಕ್ಷಕಿಯಾಗಿದ್ದ, ಸಂಸಾರ ಕಟ್ಟಿಕೊಂಡಿದ್ದ ಆಟಗಾರ್ತಿಯೊಬ್ಬಳು ಬದುಕಿಗೂ ಆಟಕ್ಕೂ ಒಟ್ಟಿಗೆ ನೆಲೆ ಸಿಗುವ ಕಡೆಗೆ ಹೋದದ್ದನ್ನು ತಪ್ಪೆನ್ನಲಾಗದು.

ನ್ಯೂಜಿಲೆಂಡಿಗೂ ಆಕೆಯಂಥವರು ಬೇಕಾಗಿದ್ದರು. ಆ ದೇಶ ವಿಶ್ವ ಚಾಂಪಿಯನ್ ಪಟ್ಟವನ್ನು ಕೊನೆಯದಾಗಿ ಕಂಡದ್ದು 1987ರಲ್ಲಿ. 1991ರ ಸಿಡ್ನಿ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ 53–52ರಿಂದ ಸೋತಿತು. 1999ರಲ್ಲಿ ತನ್ನದೇ ನೆಲ ಕ್ರೈಸ್ಟ್‌ಚರ್ಚ್‌ನಲ್ಲಿ ಮತ್ತೆ ಆಸ್ಟ್ರೇಲಿಯಾಕ್ಕೆ ಸೋತದ್ದು 42–41ರಿಂದ. ಎರಡು ಪಟ್ಟಗಳು ಒಂದೊಂದು ಗೋಲಿನಿಂದ ಕೈತಪ್ಪಿದ್ದವು. ಓಟ, ಪಾಸು, ರಕ್ಷಣೆ ಯಾವುದರಲ್ಲೂ ಆ ತಂಡ ಹಿಂದೆ ಇರಲಿಲ್ಲ. ರಿಂಗಿನ ಕೆಳಗೆ ಕೊನೆಯ ನಿಮಿಷದಲ್ಲೂ ನಡುಗದ ಕೈ ಬೇಕಿತ್ತು.

ವ್ಯಾನ್ ಡೈಕ್ ಎತ್ತರ 1.90 ಮೀಟರ್. ಆದರೆ ಎತ್ತರ ಅವರ ಯಶಸ್ಸಿನ ಅರ್ಧ ಕಾರಣ ಮಾತ್ರ. ಅವರಿಗಿಂತ ಎತ್ತರದ ಶೂಟರುಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ರಿಂಗಿನ ಒಳ ಅಗಲ 38 ಸೆಂಟಿಮೀಟರ್, ಚೆಂಡಿನ ಅಗಲ ಸುಮಾರು 22. ಚೆಂಡು ಮೇಲಿನಿಂದ ನೇರವಾಗಿ ಇಳಿದರೆ ಸುತ್ತಲೂ ಎಂಟು ಸೆಂಟಿಮೀಟರಿನಷ್ಟು ಜಾಗ ಉಳಿಯುತ್ತದೆ. ಓರೆಯಾಗಿ ಬಂದಷ್ಟೂ ಆ ಜಾಗ ಕಿರಿದಾಗುತ್ತದೆ. ವ್ಯಾನ್ ಡೈಕ್ ಚೆಂಡನ್ನು ತಲೆಯ ಮೇಲೆ ಎತ್ತರಕ್ಕೆ ಹಿಡಿದು, ಮಣಿಕಟ್ಟಿನ ಸಣ್ಣ ಚಲನೆಯಿಂದ ಮೇಲಕ್ಕೆ ಚಿಮ್ಮಿಸುತ್ತಿದ್ದರು. ಡಿಫೆಂಡರ್ 0.9 ಮೀಟರ್ ದೂರ ನಿಂತೇ ತಡೆಯಬೇಕೆಂಬ ನಿಯಮವಿರುವುದರಿಂದ ಆ ಚೆಂಡು ಚಾಚಿದ ಕೈಗೆ ಎಟುಕುತ್ತಲೇ ಇರಲಿಲ್ಲ. ಇಷ್ಟಾದರೂ ಅದು ಸಲೀಸಾಗಿ ಬಂದ ವಿದ್ಯೆಯಲ್ಲ. ತಂಡದ ತಾಲೀಮು ಮುಗಿದ ಮೇಲೂ ಅವರು ದಿನಾ ನೂರಾರು ಬಾರಿ ಗುರಿ ಅಭ್ಯಾಸ ಮಾಡುತ್ತಿದ್ದರು. ಸಂಗೀತಗಾರರು ಬೆಳಗಿನ ಹೊತ್ತು ಒಂದೇ ಸ್ವರವನ್ನು ಹಿಡಿದು ಸಾಧಕ ಮಾಡುವಂಥ ಶಿಸ್ತು ಅದು. ಎಸೆದ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಒಳಗೆ ಬೀಳುವುದು ಅವರ ಮಟ್ಟಿಗೆ ನಿತ್ಯದ ಸಂಗತಿಯಾಗಿತ್ತು. ಇದರ ಫಲ ಇಡೀ ತಂಡಕ್ಕೆ ತಟ್ಟಿತು. ಚೆಂಡು ಅವರಿಗೆ ತಲುಪಿದರೆ ಸಾಕು ಎಂಬ ನಂಬಿಕೆ ಬಂದಮೇಲೆ ಉಳಿದವರ ಆಟದಲ್ಲೂ ಧಾವಂತ ಇಳಿಯಿತು.

ಮೊದಲ ದೊಡ್ಡ ಪರೀಕ್ಷೆ 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟ. ಒಲಿಂಪಿಕ್ಸ್‌ನಲ್ಲಿ ನೆಟ್‌ಬಾಲ್ ಇಲ್ಲ. ಆದ್ದರಿಂದ ವಿಶ್ವ ಪಟ್ಟದ ನಂತರ ಈ ಆಟದವರಿಗೆ ಇದೇ ಅತಿ ದೊಡ್ಡ ವೇದಿಕೆ. ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು, ಅಲ್ಲೂ ಇತ್ಯರ್ಥವಾಗದೆ ಎರಡು ಗೋಲಿನ ಮುನ್ನಡೆ ಪಡೆದವರು ಗೆಲ್ಲುವ ಹಂತ ಮುಟ್ಟಿತು. ಆಸ್ಟ್ರೇಲಿಯಾ 57–55ರಿಂದ ಗೆದ್ದಿತು. ಆದರೆ ಮರುವರ್ಷ, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ರೂತ್ ಐಟ್ಕನ್ ತರಬೇತಿಯ ನ್ಯೂಜಿಲೆಂಡ್ ಅದೇ ಎದುರಾಳಿಯನ್ನು 49–47ರಿಂದ ಸೋಲಿಸಿ 16 ವರ್ಷಗಳ ಬಳಿಕ ವಿಶ್ವ ಚಾಂಪಿಯನ್ ಆಯಿತು. 1995ರಲ್ಲಿ ದಕ್ಷಿಣ ಆಫ್ರಿಕಾದ ಜೆರ್ಸಿಯಲ್ಲಿ ತಪ್ಪಿದ ಚಿನ್ನ ವ್ಯಾನ್ ಡೈಕ್ ಅವರಿಗೆ ನ್ಯೂಜಿಲೆಂಡಿನ ಕಪ್ಪು ಜೆರ್ಸಿಯಲ್ಲಿ ಸಿಕ್ಕಿತು.

ದೇಶೀಯ ಲೀಗಿನಲ್ಲಿ ಅವರು ಮುಂದೆ ವೈಕಾಟೊ–ಬೇ ಆಫ್ ಪ್ಲೆಂಟಿ ಪ್ರದೇಶದ ‘ಮ್ಯಾಜಿಕ್’ ತಂಡಕ್ಕೆ ಆಡಿದರು. ಅದರ ಕೋಚ್ ನೋಲೀನ್ ಟೌರುವಾ. 1999ರಿಂದ ಸತತ ಆರು ವರ್ಷ ಗೆದ್ದಿದ್ದ ಸದರ್ನ್ ಸ್ಟಿಂಗ್ ತಂಡದ ಓಟ 2005ರಲ್ಲಿ ಮ್ಯಾಜಿಕ್ ಎದುರು ನಿಂತಿತು. 2006ರಲ್ಲೂ ಕಪ್ ಮ್ಯಾಜಿಕ್ ಪಾಲಾಯಿತು. ಅದೇ 2006ರಲ್ಲಿ ಮೆಲ್ಬರ್ನ್ ಕಾಮನ್‌ವೆಲ್ತ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 60–55ರಿಂದ ಸೋಲಿಸಿತು. ಮರುವರ್ಷ ಆಸ್ಟ್ರೇಲಿಯಾ ಸೇಡು ತೀರಿಸಿಕೊಂಡಿತು: ಫಿಜಿಯಲ್ಲಿ ಸೈನ್ಯ ಅಧಿಕಾರ ಹಿಡಿದ ಕಾರಣ ಆಕ್ಲೆಂಡಿಗೆ ವರ್ಗವಾದ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ 42–38.

ಭಾರತದ ನೆಲದಲ್ಲಿ ಅವರು ಆಡಿದ ದೊಡ್ಡ ಪಂದ್ಯ 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಫೈನಲ್. ಹುಡುಗಿಯರ ಆಟವೆಂದರೆ ಥ್ರೋಬಾಲ್, ಕೊಕ್ಕೊ, ಕಬಡ್ಡಿ ಎಂದುಕೊಂಡು ಬೆಳೆದ ನಮ್ಮವರಿಗೆ ನೆಟ್‌ಬಾಲ್ ಅಪರಿಚಿತ. ಆತಿಥೇಯ ದೇಶವಾಗಿ ಭಾರತವೂ ಪ್ರಾಚಿ ತೆಹ್ಲಾನ್ ನಾಯಕತ್ವದಲ್ಲಿ ಅಲ್ಲಿ ತಂಡ ಇಳಿಸಿತ್ತು. ತ್ಯಾಗರಾಜ ಕ್ರೀಡಾಂಗಣದ ಆ ಫೈನಲ್‌ನಲ್ಲಿ ಮತ್ತೆ ಅದೇ ಇಬ್ಬರು ಎದುರಾಳಿಗಳು. ಕೊನೆಯ ಅವಧಿಯಲ್ಲಿ ಹಿಂದೆ ಬಿದ್ದಿದ್ದ ನ್ಯೂಜಿಲೆಂಡ್ ಒಂದೊಂದೇ ಗೋಲು ಹೆಕ್ಕಿ ಸಮ ಮಾಡಿಕೊಂಡಿತು. ಹೆಚ್ಚುವರಿ ಅವಧಿ ಮುಗಿದಾಗಲೂ ಸಮ. ಮ್ಯಾಂಚೆಸ್ಟರಿನಂತೆಯೇ ಎರಡು ಗೋಲಿನ ಮುನ್ನಡೆಗಾಗಿ ಕಾದಾಟ. ಆಗ ವ್ಯಾನ್ ಡೈಕ್ ವಯಸ್ಸು 38. ಕೊನೆಗೆ ಅವರ ಜೊತೆಗಾತಿ, ಗೋಲ್ ಅಟ್ಯಾಕ್ ಮರಿಯಾ ಟುಟಾಯಾ ಹಾಕಿದ ಗೋಲಿನಿಂದ 66–64. ನೆಟ್‌ಬಾಲ್ ಚರಿತ್ರೆಯ ಅತ್ಯುತ್ತಮ ಪಂದ್ಯಗಳ ಪಟ್ಟಿ ಯಾರು ಮಾಡಿದರೂ ಇದನ್ನು ಬಿಡಲಾರರು.

2011ರ ಸಿಂಗಪುರ ವಿಶ್ವ ಫೈನಲ್ ಹೆಚ್ಚುವರಿ ಅವಧಿಯಲ್ಲಿ ಆಸ್ಟ್ರೇಲಿಯಾದ ಪಾಲಾಯಿತು, 58–57. ನಲವತ್ತು ತುಂಬಿದ ವರ್ಷದಲ್ಲಿ ವ್ಯಾನ್ ಡೈಕ್ ಅವರಿಗೆ ಇನ್ನೊಂದು ಗೆಲುವು ಕಾದಿತ್ತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕ್ಲಬ್ಬುಗಳು ಕೂಡಿ ಆಡುತ್ತಿದ್ದ ಎಎನ್‌ಝಡ್ ಚಾಂಪಿಯನ್‌ಷಿಪ್‌ನಲ್ಲಿ 2012ರ ಮೊದಲ ನಾಲ್ಕೂ ಪಂದ್ಯ ಸೋತಿದ್ದ ಮ್ಯಾಜಿಕ್, ಚೇತರಿಸಿಕೊಂಡು ಫೈನಲ್ ತಲುಪಿ, ಮೆಲ್ಬರ್ನ್ ವಿಕ್ಸೆನ್ಸ್ ತಂಡವನ್ನು ಮೆಲ್ಬರ್ನ್‌ನಲ್ಲೇ 41–38ರಿಂದ ಸೋಲಿಸಿತು. 2008ರಿಂದ 2016ರವರೆಗೆ ನಡೆದ ಆ ಲೀಗನ್ನು ಗೆದ್ದ ಏಕೈಕ ನ್ಯೂಜಿಲೆಂಡ್ ತಂಡ ಮ್ಯಾಜಿಕ್. ಆ ತಂಡದಲ್ಲಿ ದಕ್ಷಿಣ ಆಫ್ರಿಕಾದಿಂದಲೇ ಬಂದು ನ್ಯೂಜಿಲೆಂಡಿಗೆ ಆಡಿದ ಇನ್ನೊಬ್ಬರಿದ್ದರು, ಡಿಫೆಂಡರ್ ಲಿಯಾನಾ ಡಿ ಬ್ರೂನ್. ವ್ಯಾನ್ ಡೈಕ್ ತುಳಿದ ಹಾದಿ ಅವರೊಬ್ಬರಿಗೇ ಮುಗಿಯಲಿಲ್ಲ.

2014ರಲ್ಲಿ ವ್ಯಾನ್ ಡೈಕ್ ವೆಲಿಂಗ್ಟನ್ ಪ್ರದೇಶದ ಸೆಂಟ್ರಲ್ ಪಲ್ಸ್ ತಂಡಕ್ಕೆ ಬಂದರು. ಆ ವರ್ಷದ ಜೂನ್‌ನಲ್ಲಿ, ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಕ್ಕೆ ಮುನ್ನ, ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. ನ್ಯೂಜಿಲೆಂಡ್ ಮತ್ತೆ ವಿಶ್ವ ಚಾಂಪಿಯನ್ ಆದದ್ದು 2019ರಲ್ಲಿ, ಲಿವರ್‌ಪೂಲ್‌ನಲ್ಲಿ, ಆಸ್ಟ್ರೇಲಿಯಾ ವಿರುದ್ಧ 52–51ರಿಂದ. ಆ ತಂಡದ ಕೋಚ್ ನೋಲೀನ್ ಟೌರುವಾ. ನಾಯಕಿ ಲಾರಾ ಲ್ಯಾಂಗ್‌ಮನ್, ರಕ್ಷಣೆಯಲ್ಲಿ ಕೇಸಿ ಕೊಪುವಾ. ಮೂವರೂ 2012ರ ಮ್ಯಾಜಿಕ್ ತಂಡದಲ್ಲಿ ವ್ಯಾನ್ ಡೈಕ್ ಜೊತೆಗಿದ್ದವರು.