ಗಾಯ ಮಾಯಿತು, ನೋವು?

ಮಾಗಡಿ ತಾಲ್ಲೂಕಿನ ಕೆಂಪಾಪುರದ ಹೆಸರು ನಾಡಿನ ಕಿವಿಗೆ ಬಿದ್ದದ್ದು 2015ರಲ್ಲಿ. ಬೆಂಗಳೂರನ್ನು ಕಟ್ಟಿಸಿದ ಹಿರಿಯ ಕೆಂಪೇಗೌಡನ ಸಮಾಧಿ ಅಲ್ಲಿರುವುದು ಆ ವರ್ಷ ಗುರುತಿಸಲ್ಪಟ್ಟಿತು. ಆತ ಮಡಿದ ಸ್ಥಳ ಇದೇ ಎಂದು ಅಲ್ಲಿಯ ಬರಹ ಹೇಳುತ್ತದೆ. ವೀರನ ಗಾಯವನ್ನು ಕಲ್ಲು ನೆನಪಿಟ್ಟಿತು. ಅದೇ ಸೀಮೆಯಲ್ಲಿ ಕಲ್ಲೊಡೆದು ಬದುಕುವವನ ಗಾಯವನ್ನು ಅವನ ಮೈಯೊಂದೇ ನೆನಪಿಡಬೇಕು.

ಈ ಸೀಮೆಯ ದುಡಿಮೆಯಲ್ಲಿ ಬಹುಪಾಲು ಕೈಯ ದುಡಿಮೆ. ಮಾಗಡಿ, ಕನಕಪುರಗಳ ಕಡೆ ಕಲ್ಲುಗಣಿಗಳು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಯಂತ್ರಗಳು. ಬಿಡದಿಯಲ್ಲಿ ದೊಡ್ಡ ಕಾರ್ಖಾನೆಗಳು. ರಾಮನಗರದ ರೇಷ್ಮೆ ಬಿಚ್ಚಾಣಿಕೆಯ ಮನೆಗಳಲ್ಲಂತೂ ಗೂಡುಗಳನ್ನು ಕುದಿನೀರಿನಲ್ಲಿ ಬೇಯಿಸಿ, ಬಿಸಿನೀರಿಗೆ ಬೆರಳದ್ದಿ ಎಳೆಯ ತುದಿ ಹುಡುಕಬೇಕು. ಬೆರಳ ಚರ್ಮ ನೆನೆದು, ಬೆಳ್ಳಗಾಗಿ, ಬಿರಿಯುತ್ತದೆ. ನಮ್ಮ ಮನೆಯ ಮದುವೆಗಳ ಜರಿಸೀರೆ ಅಂಥ ಬೆರಳುಗಳನ್ನು ದಾಟಿಯೇ ಬಂದಿರುತ್ತದೆ.

ಪೆಟ್ಟು ಬಿದ್ದೊಡನೆ ಹುಟ್ಟುವ ನೋವು ಮೈಯ ಕಾವಲುಗಾರ. ಮುರಿದ ಕಾಲನ್ನು ಊರಬೇಡವೆಂದು ಅದು ಎಚ್ಚರಿಸುತ್ತದೆ. ಆದರೆ ಕಳ್ಳ ಹೋದ ಮೇಲೂ ಕೂಗುತ್ತಲೇ ಇರುವ ಕಾವಲುಗಾರನೂ ಉಂಟು. ಗಾಯ ಮಾಯ್ದು ಮೂರು ತಿಂಗಳು ದಾಟಿದರೂ ನೋವು ನಿಲ್ಲದಿದ್ದರೆ ವೈದ್ಯರು ಅದನ್ನು ಬೇರೆಯೇ ಬಗೆಯ ನೋವೆಂದು ಎಣಿಸುತ್ತಾರೆ. ಅದು ಸೋಗಲ್ಲ, ನರಮಂಡಲವೇ ಅತಿ ಸೂಕ್ಷ್ಮವಾಗಿರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ರಣರಂಗದಲ್ಲಿ ಗಾಯಾಳುಗಳನ್ನು ನೋಡಿಕೊಂಡ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಒಂದು ವಿಚಿತ್ರವನ್ನು ಕಂಡನು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ಮುಕ್ಕಾಲು ಪಾಲು ಜನ ನೋವಿನ ಮದ್ದೇ ಬೇಡವೆಂದರು! 1946ರಲ್ಲಿ ಅವನು ಇದನ್ನು ಪ್ರಕಟಿಸಿದನು. ಸೈನಿಕನಿಗೆ ಗಾಯವೆಂದರೆ ಯುದ್ಧದಿಂದ ಬಿಡುಗಡೆ, ಮನೆಯ ದಾರಿ. ಕೂಲಿಗಾರನಿಗೋ? ಮಾಲೀಕನಿಂದ ಪಡೆದ ಮುಂಗಡ ಹಾಗೆಯೇ ಉಳಿದಿದೆ, ದಿನಗೂಲಿ ನಿಂತಿದೆ, ಸಂಘದ ಕಂತು ಬಾಕಿ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಲೆಕ್ಕ ಹಾಕುವ ಹೊತ್ತಿಗೆ ನೋವು ಇಮ್ಮಡಿಯಾಗುತ್ತದೆ.

ಆದ್ದರಿಂದ ಪರಿಹಾರದ ಹಣವೂ ಒಂದು ಬಗೆಯ ಮದ್ದೇ. ಕಾರ್ಮಿಕರ ಪರಿಹಾರದ ಕಾಯಿದೆ ನಮ್ಮಲ್ಲಿ 1923ರಲ್ಲೇ ಬಂದಿತು. 1952ರಲ್ಲಿ ರಾಜ್ಯ ವಿಮಾ ಯೋಜನೆ ಆರಂಭವಾಯಿತು. ಈ ವಿಮೆಯುಳ್ಳವನಿಗೆ ಕೆಲಸದಲ್ಲಿ ಪೆಟ್ಟಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಕೂಲಿಯ ಶೇಕಡಾ 90ರಷ್ಟು ದೊರೆಯುತ್ತದೆ. ಆದರೆ ನಾಲ್ಕಾರು ಜನ ದುಡಿಯುವ ಬಿಚ್ಚಾಣಿಕೆಯ ಮನೆಗೆ ಈ ನೆರಳು ತಲಪುವುದು ಅಪರೂಪ.

ಉಳಿದದ್ದು ಮನೆಮದ್ದು. ಮೂಳೆ ಮುರಿದರೆ ಪುತ್ತೂರು ಕಟ್ಟು ಹಾಕಿಸುವವರು ಇಂದಿಗೂ ಇದ್ದಾರೆ. ನಂಬಿಕೆಯನ್ನು ಹಳಿಯುವುದು ಸುಲಭ. ಆದರೆ ಕಟ್ಟು ಬಿಗಿಯಾಗಿ ಬೆರಳು ನೀಲಿಗಟ್ಟಿದರೂ ಆಸ್ಪತ್ರೆಗೆ ಹೋಗದವರು ಕೈಯನ್ನೇ ಕಳೆದುಕೊಳ್ಳಬಹುದು. ಸುಟ್ಟ ಗಾಯಕ್ಕೆ ಶಾಯಿ, ತುಪ್ಪ ಬಳಿಯುವುದೂ ತಪ್ಪು. ಕೂಡಲೇ ಇಪ್ಪತ್ತು ನಿಮಿಷ ತಣ್ಣೀರು ಹರಿಸುವುದೇ ಒಳ್ಳೆಯದು. ಅಂಗಡಿಯ ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯೂ ಮೂತ್ರಪಿಂಡವೂ ಕೆಡುತ್ತವೆ. ಹೆಂಡದ ಮಾತಂತೂ ಬೇಡ. ನೋವು ಮರೆಸುವ ನೆಪದಲ್ಲಿ ಮನೆಯನ್ನೇ ಮರೆಸುತ್ತದೆ.

ನೋವಿಗೆ ಹೆದರಿ ಕೈಯನ್ನು ಆಡಿಸದೆ ಇಟ್ಟರೆ ಕೀಲು ಬಿಗಿಯುತ್ತದೆ. ಬಿಗಿದ ಕೀಲು ಮತ್ತೆ ನೋಯುತ್ತದೆ. ಒಂದೇ ದಿನ ಹುರುಪಿನಿಂದ ಮೂಟೆ ಎತ್ತಿ ಮೂರು ದಿನ ಮಲಗುವುದೂ ಅಷ್ಟೇ ಕೆಟ್ಟದ್ದು. ವೈದ್ಯರು ಒಪ್ಪಿದ ಮೇಲೆ ದಿನಕ್ಕೆ ಇಷ್ಟೇ ಎಂದು ಗೊತ್ತುಮಾಡಿಕೊಂಡು, ನೋವು ಕಡಮೆಯಾದ ದಿನವೂ ಅದನ್ನು ಮೀರದೆ, ಹೆಚ್ಚಾದ ದಿನವೂ ಪೂರ್ತಿ ಬಿಡದೆ ನಡೆಯಬೇಕು. ಮುಷ್ಟಿ ಬಿಗಿಯಲಾಗದ ಕೈಗೆ ಮೆತ್ತನೆಯ ಹಿಟ್ಟಿನ ಉಂಡೆಯನ್ನು ಹಿಸುಕುವುದೂ ಒಂದು ಸಾಧನೆ. ಮನೆಯವರು ಗಳಿಗೆಗೊಮ್ಮೆ “ನೋಯುತ್ತದೆಯೇ?” ಎಂದು ಕೇಳುವುದನ್ನು ಬಿಟ್ಟು, “ಇವತ್ತು ಬೆರಳು ಎಷ್ಟು ಮಡಿಸಿತು?” ಎಂದು ಕೇಳಬಹುದು.