ಕೇಸರಿ ಹಾಲು ಮತ್ತು ಖಿನ್ನತೆಯ ಮಾತ್ರೆ

ಕಳೆದ ತಿಂಗಳು ಒಬ್ಬರು ತಮ್ಮ ಸೊಸೆಯನ್ನು ನನ್ನ ಕ್ಲಿನಿಕ್ಕಿಗೆ ಕರೆತಂದರು. ಖಿನ್ನತೆಗಾಗಿ ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಆಕೆ ಎಂಟು ತಿಂಗಳಿಂದ ತೆಗೆದುಕೊಳ್ಳುತ್ತಿದ್ದಳು. "ಡಾಕ್ಟ್ರೇ, ಆ ಇಂಗ್ಲಿಷ್ ಮಾತ್ರೆ ಬಿಡಿಸಿದ್ದೇವೆ. ರಾತ್ರಿ ಹಾಲಿಗೆ ಝಾಫ್ರಾನ್ ಹಾಕಿ ಕೊಡ್ತಿದ್ದೇನೆ. ಯುನಾನಿಯಲ್ಲಿ ಇದಕ್ಕೆ ಮದ್ದು ಇದೆಯಂತಲ್ಲ?" ಎಂದರು ಅತ್ತೆ. ಸೊಸೆಗೆ ಮೂರು ದಿನದಿಂದ ನಿದ್ದೆಯಿಲ್ಲ, ತಲೆಸುತ್ತು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ.

ಅತ್ತೆಯ ಮಾತು ಪೂರ್ತಿ ತಪ್ಪಲ್ಲ. ಯುನಾನಿ ವೈದ್ಯರು ಝಾಫ್ರಾನನ್ನು, ಅಂದರೆ ಕೇಸರಿಯನ್ನು, 'ಮುಫರ್ರಿಹ್' ಎಂದು ಕರೆದಿದ್ದಾರೆ: ಮನಸ್ಸಿಗೆ ಉಲ್ಲಾಸ ಕೊಡುವಂಥದ್ದು. ಇಬ್ನ್ ಸೀನಾ ಇಂಥ ಔಷಧಿಗಳ ಬಗ್ಗೆಯೇ ಒಂದು ಪ್ರತ್ಯೇಕ ಗ್ರಂಥ ಬರೆದರು. ಆದರೆ ಗ್ರಂಥದಲ್ಲಿದ್ದ ಮಾತ್ರಕ್ಕೆ ರೋಗಿಗೆ ಗುಣವಾಗುತ್ತದೆಂದು ನಾನು ಹೇಳಲಾರೆ. ಪರೀಕ್ಷಿಸಿ ನೋಡಬೇಕು.

ನೋಡಿದ್ದಾರೆ, ಟೆಹ್ರಾನಿನಲ್ಲಿ. 2004ರಲ್ಲಿ ಅಖುಂದ್‌ಝಾದೆ ಮತ್ತು ಸಂಗಡಿಗರು 30 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ ಪ್ರಕಟವಾಯಿತು. ಕೆಲವರಿಗೆ ದಿನಕ್ಕೆ 30 ಮಿಲಿಗ್ರಾಂ ಕೇಸರಿ, ಉಳಿದವರಿಗೆ ಇಮಿಪ್ರಮಿನ್ ಎಂಬ ಹಳೆಯ ಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಆರು ವಾರದ ಕೊನೆಗೆ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಚೇತರಿಸಿಕೊಂಡಿದ್ದವು. ಮರುವರ್ಷ 40 ಮಂದಿಯಲ್ಲಿ, ಔಷಧಿಯಿಲ್ಲದ ಖಾಲಿ ಕ್ಯಾಪ್ಸೂಲ್‌ನೊಂದಿಗೆ ಹೋಲಿಸಿದಾಗಲೂ ಕೇಸರಿಯೇ ಮೇಲಾಯಿತು.

ಈ ಖಾಲಿ ಕ್ಯಾಪ್ಸೂಲ್ ಏಕೆ ಬೇಕು ಗೊತ್ತೇ? ಖಿನ್ನತೆಯಲ್ಲಿ ಆರೈಕೆ, ಭರವಸೆಗಳಿಂದಲೇ ಹಲವರು ಒಂದಿಷ್ಟು ಚೇತರಿಸುತ್ತಾರೆ. ಯುರೋಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೇಂಟ್ ಜಾನ್ಸ್ ವರ್ಟ್ ಗಿಡವನ್ನು ಅಮೆರಿಕದಲ್ಲಿ 340 ಮಂದಿಯ ಮೇಲೆ ಪರೀಕ್ಷಿಸಿದರು. 2002ರಲ್ಲಿ ಫಲಿತಾಂಶ ಬಂದಾಗ, ಮುಖ್ಯ ಅಳತೆಗಳಲ್ಲಿ ಆ ಗಿಡವೂ ಖಾಲಿ ಕ್ಯಾಪ್ಸೂಲನ್ನು ಮೀರಿಸಿರಲಿಲ್ಲ, ಜೊತೆಗಿದ್ದ ಸರ್ಟ್ರಾಲಿನ್ ಮಾತ್ರೆಯೂ ಮೀರಿಸಿರಲಿಲ್ಲ! ಹಾಗಾಗಿ 30 ಮಂದಿಯಲ್ಲಿ 'ಮಾತ್ರೆಗೆ ಸಮ' ಎಂದು ಬಂದರೆ ನಾನು ಖುಷಿಪಡುತ್ತೇನೆ, ಆದರೆ ಕುಣಿಯುವುದಿಲ್ಲ. ಅಂದಹಾಗೆ, ಗಿಡಮೂಲಿಕೆಯೆಂದು ಈ ಸೇಂಟ್ ಜಾನ್ಸ್ ವರ್ಟನ್ನು ನೀವಾಗಿಯೇ ತರಿಸಿಕೊಳ್ಳಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಕಿಡ್ನಿ ಕಸಿಯಾದವರು ನುಂಗುವ ಔಷಧಿ, ಇವುಗಳ ಬಲವನ್ನು ಅದು ಕುಗ್ಗಿಸುತ್ತದೆ.

ಟೆಹ್ರಾನಿನಲ್ಲಿ ಕೊಟ್ಟದ್ದು ಕೇಸರಿಯಿಂದ ತೆಗೆದು ಅಳೆದಿಟ್ಟ ಸಾರ, ಅದೂ ಆರೇ ವಾರ, ಸಾಧಾರಣ ಪ್ರಮಾಣದ ಖಿನ್ನತೆಗೆ. ನಿಮ್ಮ ಡಬ್ಬಿಯಲ್ಲಿರುವುದು ಕೇಸರಿಯೋ, ಬಣ್ಣ ಹಾಕಿದ ಜೋಳದ ಕೂದಲೋ ಯಾರು ಬಲ್ಲರು? ಗರ್ಭಿಣಿಯರಿಗಂತೂ ಔಷಧಿಯ ಪ್ರಮಾಣದಲ್ಲಿ ಕೇಸರಿ ಬೇಡ.

ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ರಾಹೀನತೆ, ಸಿಡಿಮಿಡಿ ಬರುತ್ತವೆ, ಕಾಯಿಲೆಯೂ ಮರಳಬಹುದು. ಬಿಡುವುದಾದರೆ ವೈದ್ಯರೇ ಹಂತಹಂತವಾಗಿ ಬಿಡಿಸಬೇಕು. ಯಾರಾದರೂ ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲುರಾತ್ರಿ ಉಚಿತ.

ಆ ಸೊಸೆಗೆ ನಾನು ಏನೂ ಬರೆದುಕೊಡಲಿಲ್ಲ. ಅವಳ ಮನೋವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿ, ಅದೇ ಸಂಜೆ ಅವರಲ್ಲಿಗೆ ಕಳಿಸಿದೆ. ಹಾಲಿಗೆ ನಾಲ್ಕು ಎಳೆ ಕೇಸರಿ ಹಾಕಬಹುದೇ ಎಂದು ಬಾಗಿಲಲ್ಲಿ ನಿಂತು ಅತ್ತೆ ಕೇಳಿದರು. ರುಚಿಗೆ ಹಾಕಿ, ಮಾತ್ರೆಯ ಬದಲಿಗಲ್ಲ ಎಂದೆ.